ಉಳಿದ ಜಾಗ

ಇಪ್ಪತ್ತೊಂಬತ್ತು ವರ್ಷ ನಗರಸಭೆಯಲ್ಲಿ ನಕಾಶೆ ತೆಗೆದವನು ನಾನು.
ಗದಗ-ಬೆಟಗೇರಿಯ ಯಾವ ಓಣಿ ಎಷ್ಟು ಮೀಟರು
ನಿದ್ದೆಗಣ್ಣಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ.
ಹೆಂಡತಿ ಹುಟ್ಟಿದ ದಿನ ಮಾತ್ರ ಕೇಳಬೇಡಿ.

ರಸ್ತೆ ಬರೆಯುವುದಕ್ಕೊಂದು ಕ್ರಮವಿತ್ತು.
ಮೊದಲು ನಡುಗೆರೆ.
ಆಮೇಲೆ ಅತ್ತ ಎರಡು ಕಾರು, ಇತ್ತ ಎರಡು ಕಾರು
ಒಂದಕ್ಕೊಂದು ತಾಗದೆ ಮೈಮರೆತು ಹೋಗುವಷ್ಟು ಅಗಲ.
ಹೋದವು ಎಲ್ಲಾದರೂ ನಿಲ್ಲಬೇಕಲ್ಲ, ಅದಕ್ಕೊಂದು ಪಟ್ಟಿ.
ಆಮೇಲೆ ಗಟಾರ. ಕಂಬ. ಡಿವೈಡರಿನ ಮೇಲೆ ಕಣಗಿಲೆ;
ಹಸಿರು ಪೆನ್ಸಿಲಿನಿಂದ ಎಲೆ ಕೂಡ ಬಿಡಿಸಿದ್ದುಂಟು.
ಎಲ್ಲ ಮುಗಿದು, ಸ್ಕೇಲು ಒರೆಸಿ, ಚಹಾ ಕುಡಿದು
ಸಹಿಗೆ ಒಯ್ದರೆ ಸಾಹೇಬರು
ಪೆನ್ನಿನ ಟೋಪಿ ತೆಗೆದು ತಡೆಯುವರು:
"ಅಲ್ಲೋ ಕಮ್ಮಾರ, ಬಸ್‌ಸ್ಟಾಪ್ ಎಲ್ಲೈತಿ?"

ಆಗ ಮತ್ತೆ ಹಾಳೆ ಹಾಸಿ
ಉಂಡು ಕೈ ತೊಳೆದ ಮೇಲೆ ಬಂದ ನೆಂಟನಿಗೆ
ಬೋಗುಣಿಯ ತಳ ಕೆರೆದ ಹಾಗೆ
ಕೆರೆದು ಕೆರೆದು ಹುಡುಕುತ್ತಿದ್ದೆ.
ಟ್ರಾನ್ಸ್‌ಫಾರ್ಮರಿನ ಬೆನ್ನಿಗೆ, ಗಟಾರದ ಮೇಲೆ
ಉಗುರಿನಷ್ಟು ಒಂದು ಚೌಕ.
ಮಗ್ಗುಲಿಗೆ, ಬ. ನಿ.
ಪೂರ್ತಿ ಬರೆಯಲು ಅಲ್ಲಿ ಜಾಗ ಇರುತ್ತಿರಲಿಲ್ಲ.

ದ್ವೇಷವೇನಿರಲಿಲ್ಲ ಯಾರಿಗೂ.
ಸಾಹೇಬರು ಲಂಚ ಮುಟ್ಟದವರು, ನಾಯಿಗೆ ಬಿಸ್ಕೀಟು ಹಾಕುವವರು.
ಊರನ್ನು ಜೀಪಿನ ಮುಂದಿನ ಸೀಟಿನಿಂದ ಕಂಡವರು, ಅಷ್ಟೆ.
ಅಲ್ಲಿಂದ ಬಸ್ಸೆಂದರೆ
ಎದುರಿಗೆ ಅಡ್ಡ ನಿಂತು ದಾರಿ ಬಿಡದ ಒಂದು ಬೆನ್ನು.
ಒಳಗೆ ಮಂದಿ ಇರುತ್ತಾರೆಂಬುದು
ಬೆನ್ನಿನ ಮೇಲೆ ಬರೆದಿರುವುದಿಲ್ಲ.

ಒಂದು ಸಲ ಮೇಲಿನಿಂದ ಕಾಗದ ಬಂತು: ಸಾರ್ವಜನಿಕರನ್ನೂ ಕೇಳಿರಿ.
ಮುಳಗುಂದ ನಾಕಾದ ರಸ್ತೆ ಅಗಲ ಮಾಡುವ ಸಭೆ.
ಮುಂಜಾನೆ ಹನ್ನೊಂದಕ್ಕೆ ಅಂಗಳದ ತುಂಬ ಕಾರು, ಹದಿನೇಳು, ಎಣಿಸಿದ್ದೆ.
ನನ್ನ ಸೈಕಲ್ಲನ್ನು ಸಿಪಾಯಿ ಪಾಯಖಾನೆಯ ಹಿಂದಕ್ಕೆ ನೂಕಿದ.
ಬಸ್ಸಿನವರ ಪರವಾಗಿ ಒಬ್ಬರಾದರೂ ಇರಲೆಂದು
ನಾನೇ ಹೆಸರು ಕೊಟ್ಟಿದ್ದೆ: ಇಮಾಂಬಿ ನದಾಫ,
ಬೆಟಗೇರಿಯಿಂದ ದಿನಾ ಬಂದು
ಗದಗಿನ ನಾಲ್ಕು ಮನೆಗೆ ರೊಟ್ಟಿ ಬಡಿಯುವಾಕೆ.

ಚರ್ಚೆ ಜೋರಾಗಿಯೇ ನಡೆಯಿತು:
ಕಾರು ಓರೆಗೆ ನಿಲ್ಲಬೇಕೋ, ನೇರಕ್ಕೋ.
ಡಾಕ್ಟರು ಓರೆ ಅಂದರು. ಬಟ್ಟೆ ಅಂಗಡಿಯವರು ನೇರ.
ಬಸ್ಸಿನದು ಒಂಬತ್ತನೆಯ ಕಲಮು, ಕಡೆಯದು.
"ಆಕ್ಷೇಪಣೆ ಯಾರವೂ ಇಲ್ಲ"
ಎಂದು ಓದುವಾಗಲೇ ಗಿರಮಿಟ್ಟಿನ ವಾಸನೆ ಒಳಗೆ ಬಂದಿತ್ತು.

ಕುರ್ಚಿಗಳನ್ನು ಒಂದರ ಮೇಲೊಂದು ಏರಿಸುವಾಗ ಬಂದಳು.
ಮೊಣಕೈತನಕ ಒಣಗಿದ ಜೋಳದ ಹಿಟ್ಟು.
"ಮೊದಲನೇ ಬಸ್ಸು ನಿಲ್ಲಲಿಲ್ರೀ. ಎರಡನೇದು ಬರಲಿಲ್ಲ.
ಮೂರನೇದು ಬಂತು, ಸ್ಟಾಪಿನಾಗ ಯಾರೋ ಕಾರು ಹಚ್ಚಿದ್ರು,
ಹಿಂಗಾಗಿ ಮುಂದ ಹೋಗಿ ನಿಂತು, ನಾ ಓಡಿ ಹಿಡಿಯೂದ್ರಾಗ..."
ಉಳಿದದ್ದು ಏದುಸಿರಿಗೆ ಹೋಯಿತು.
"ಮುಗೀತೇನ್ರೀ?"

ಮುಗಿದಿತ್ತು.
ಗೈರುಹಾಜರಾದವರ ಪಟ್ಟಿಯಲ್ಲಿ
ಅವಳ ಹೆಸರನ್ನು ದುಂಡಗೆ, ಪೂರ್ತಿಯಾಗಿ ನಾನೇ ಬರೆದಿದ್ದೆ.
ಅದಕ್ಕೆ ಜಾಗ ಬೇಕಾದಷ್ಟಿತ್ತು.

ಈಗ ನನ್ನ ಮೊಣಕಾಲು ಸೈಕಲ್ಲನ್ನು ಒಲ್ಲೆನ್ನುತ್ತದೆ.
ನಾನೇ ಬರೆದ ಉಗುರಿನೊಳಗೆ ನಿಂತು ಬಸ್ಸು ಕಾಯುತ್ತೇನೆ.
ಕೂಡುವ ಕಲ್ಲಿಗೆ ಯಾರದೋ ಹುಟ್ಟುಹಬ್ಬದ ಬ್ಯಾನರು ಬಿಗಿದಿದ್ದಾರೆ,
ಕಾಲ ಕೆಳಗೆ ಗಟಾರ ಮಾತಾಡುತ್ತದೆ.
ಕಂಡಕ್ಟರು ಇನ್ನೂ "ಟಾಂಗಾ ಕೂಟ, ಟಾಂಗಾ ಕೂಟ" ಎಂದು ಕೂಗುತ್ತಾನೆ;
ಕುದುರೆ ಹೋಗಿ ಎಷ್ಟು ಕಾಲವಾಯಿತು,
ಕಾಯುವವರ ಜಾಗಕ್ಕೊಂದು ಹೆಸರಾದರೂ ಇತ್ತು ಆಗ.

ನಿನ್ನೆ ಇಮಾಂಬಿ ಅಲ್ಲೇ ಸಿಕ್ಕಳು.
ನನ್ನ ಗುರುತು ಹತ್ತಲಿಲ್ಲ, ಅಥವಾ ಹತ್ತಿಯೂ ತೋರಿಸಲಿಲ್ಲ.
ಬುಟ್ಟಿ ಎತ್ತಿ ಸೊಂಟಕ್ಕಿಟ್ಟು ಗೇಣು ಸರಿದು,
"ಬರ್ರಿ ಯಜಮಾನ್ರ, ಒಳಗ ನಿಂದರ್ರಿ, ಜಾಗ ಐತಿ" ಅಂದಳು.
ಇರಲಿಲ್ಲ.
ಆಮೇಲೆ ತಗಡಿನ ಮಾಡನ್ನೇ ನೋಡುತ್ತ,
"ಇದನ್ಯಾರು ಬರದಾರೋ ಪುಣ್ಯಾತ್ಮ,
ನೆರಳೆಲ್ಲಾ ಆ ಕಾರಿನ ಮ್ಯಾಲ ಬೀಳತೈತಿ ನೋಡ್ರಿ."

ನೋಡಿದೆ. ಬಿಳಿ ಕಾರು, ತಂಪಾಗಿ ನಿಂತಿತ್ತು.
ಏನಾದರೂ ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ
ಬಸ್ಸು ಬಂದು, ನಮ್ಮನ್ನು ದಾಟಿ,
ಐವತ್ತು ಮೀಟರು ಮುಂದೆ ನಿಂತಿತು.
ಐವತ್ತೇ. ನನ್ನ ಕಣ್ಣಳತೆ ತಪ್ಪುವುದಿಲ್ಲ.

ಆಕೆ ಆಗಲೇ ಓಡುತ್ತಿದ್ದಳು.