ಕೈಪಿಡಿಗೆ ಎರಡು ಪುಟ

ನೂರು ತುಂಬುತ್ತದಂತೆ ನಮ್ಮ ವಿಶ್ವವಿದ್ಯಾಲಯಕ್ಕೆ.
ರಿಜಿಸ್ಟ್ರಾರ್ ಹದ್ದಾದ್ ನನ್ನ ಮೇಜಿನಂಚಿಗೆ ಬಂದು ನಿಂತು
"ಎರಡೇ ಪುಟ ಇತಿಹಾಸ, ಸುಶಾಂತಿ. ಗುರುವಾರದೊಳಗೆ.
ಇಸವಿ ತಪ್ಪಬಾರದು" ಅಂದರು.
ಹತ್ತೊಂಬತ್ತು ವರ್ಷ ಮನಾಮದ ಈ ದಾಖಲೆ ಕೋಣೆಯಲ್ಲಿ
ಯಾರ್ಯಾರದೋ ಅಂಕಪಟ್ಟಿ ಹೊಲಿದಿಟ್ಟವಳು ನಾನು;
ಇಸವಿ ತಪ್ಪುವುದಿಲ್ಲ.
ತಪ್ಪಿಹೋಗುವುದು ಬೇರೆ.

ಮೊದಲಿಗೆ ಗರಿ. ಖರ್ಜೂರದ ಗರಿಯ ಚಪ್ಪರ,
ಒಳಗೆ ಮಿಸ್ ಟೆನ್ ಹೋವ್, ಒಂದು ಕರಿಹಲಗೆ,
ಆರು ಹುಡುಗಿಯರು, ಒಂದು ಆಡು.
ಆಡು ಯಾರದೆಂದು ಎಲ್ಲೂ ಬರೆದಿಲ್ಲ.
ಸುವಾರ್ತೆ ಓದಿಸಲು ಬಂದವಳ ಮುಂದೆ
ಹನ್ನೊಂದರ ಲತೀಫಾ ಬಿಚ್ಚಿದ್ದು ಅಪ್ಪನ ಸಾಲದ ಚೀಟಿ:
"ಮೊದಲು ಇದನ್ನು ಓದಲು ಕಲಿಸು."
ಮುತ್ತಿಗಾಗಿ ಮುಳುಗಿ ಮುಳುಗಿ ಕಿವಿ ಕಳಕೊಂಡವನ ಲೆಕ್ಕಕ್ಕೆ
ಸಾಹುಕಾರ ಒಂದು ಸೊನ್ನೆ ಹೆಚ್ಚಿಗೆ ಕೊಟ್ಟಿದ್ದ.
ಹೀಗೆ, ಇಲ್ಲಿ ಗಣಿತ ವಿಭಾಗ
ದೇವಶಾಸ್ತ್ರಕ್ಕಿಂತ ಮೂರು ವಾರ ಹಿರಿದು.

ಆಮೇಲೆ ಮುತ್ತು ಹೋಯಿತು, ಎಣ್ಣೆ ಬಂತು,
ಗರಿ ಹೋಯಿತು, ಗೋಡೆ ಬಂತು: ಹವಳದ ಕಲ್ಲು, ಸುಣ್ಣ.
ಶಾಲೆ ಕಾಲೇಜಾಯಿತು, ಕಾಲೇಜು ಉಬ್ಬಿ ಇಷ್ಟಾಯಿತು.
ಗೇಟಿಗೆ ಬಂದು ಒರಗುತ್ತಿದ್ದ ಕಡಲನ್ನು
ಮಣ್ಣು ಸುರಿಸುರಿದು ಆಚೆ ದಬ್ಬಿದರು;
"ಕಡಲ ಬಾಗಿಲು" ಎಂಬ ಫಲಕದೆದುರು ಈಗ
ಕಾರು ತೊಳೆಯುವ ಅಂಗಡಿ.
ಅಂಗಳದಲ್ಲಿ ಮೂರು ಬೇವಿನ ಮರ,
ಏಸಿಯಿಂದ ತೊಟ್ಟಿಕ್ಕುವ ನೀರೇ ಅವಕ್ಕೆ ನೇತ್ರಾವತಿ.

ಇಲ್ಲಿ ಭಾನುವಾರ ಶುಕ್ರವಾರ ಬರುತ್ತದೆ.
ಪ್ರಾರ್ಥನಾಲಯ ಆರಕ್ಕೆ ಮಲಯಾಳಿಗಳಿಗೆ,
ಎಂಟಕ್ಕೆ ಫಿಲಿಪಿನೋಗಳಿಗೆ, ಹತ್ತಕ್ಕೆ ಅರಬಿಗೆ.
ನಾವು ಕನ್ನಡದವರು ಹನ್ನೊಂದು ಜನ
ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಸಿಂಕುಗಳ ನಡುವೆ ನಿಂತು ಹಾಡುತ್ತೇವೆ;
ನಮ್ಮ ಆಮೆನ್‌ಗೆ ಕೊಂಚ ಗಂಧಕದ ವಾಸನೆ.

ಹೋದ ಜುಲೈಯಲ್ಲಿ ಹಳೇ ಕಟ್ಟಡದ ಮಾಡು ಬಿಚ್ಚಿದರು.
ಬಿಸಿಲೇರುವ ಮುಂಚೆ, ಬೆಳಗಿನ ನಾಲ್ಕಕ್ಕೇ,
ಏಣಿಯ ಮೇಲಿಂದ ಮೊತಾಲೆಬ್ ಕೂಗಿದ:
"ದೀದಿ, ಇದು ನಿಮ್ಮೂರಿನ ಹೆಸರಲ್ಲವಾ?"
ಹಂಚು. ಜೆಪ್ಪು, ಮಂಗಳೂರು, ಸಾವಿರದ ಒಂಬೈನೂರ ಮೂವತ್ತೊಂದು.
ಅದರ ಒಳಮೈಯಲ್ಲಿ, ಹಸಿಯಿದ್ದಾಗ ಓಡಿಹೋದ
ನಾಯಿಯೊಂದರ ಹೆಜ್ಜೆ.
ನಾಲ್ಕು ಬೆರಳು, ಒಂದು ಅಂಗಾಲು, ಉಗುರಿನ ಗೀರು.

ನನ್ನಜ್ಜ ಇಸಾಕ ಸಾಲಿನ್ಸ್‌ಗೆ ಆಗ ಹತ್ತೊಂಬತ್ತು,
ಅದೇ ಕಾರ್ಖಾನೆಯ ಒಣಗಿಸುವ ಚಾವಡಿಯಲ್ಲಿ ಕೆಲಸ.
"ನಾಯಿ ತುಳಿದ ಹಂಚಿಗೆ ಕೂಲಿ ಮುರೀತಿದ್ರು ಮಗಾ"
ಅನ್ನುತ್ತಿದ್ದ, ಬೀಡಿ ಆರಿದ್ದು ಗೊತ್ತಾಗದೆ.
ಮುರಿದರೋ, ಅಥವಾ ಯಾವ ಜಾಣ ಕೈಯೋ
ಒಳ್ಳೆಯವುಗಳ ನಡುವೆ ಅದನ್ನು ತೂರಿಸಿ
ಹಾಯಿಹಡಗು ಹತ್ತಿಸಿಬಿಟ್ಟಿತೋ.
ಅಜ್ಜನದೇ ಕೈ ಎನ್ನಲು ನನ್ನ ಬಳಿ ದಾಖಲೆಯಿಲ್ಲ.
ಇರುವುದು ಇಷ್ಟು: ಕಪಾಟಿನ ತಳದಲ್ಲಿ
ಗೆದ್ದಲು ಬಿಟ್ಟುಕೊಟ್ಟ ಒಂದು ಪ್ರಬಂಧದ ಪುಸ್ತಕ,
ಯಾವಳೋ ಮೂರನೇ ತರಗತಿಯವಳದು:
"ನಮ್ಮ ತಲೆಯ ಮೇಲೆ ನಾಯಿಯೊಂದು ಓಡುತ್ತಲೇ ಇದೆ,
ಲೆಕ್ಕದ ಪಾಠದಲ್ಲಿ ನಾನದನ್ನು ನೋಡುತ್ತೇನೆ,
ಅದಿನ್ನೂ ಮನೆ ಸೇರಿಲ್ಲ."
ಪಕ್ಕದಲ್ಲಿ ಮಿಸ್ ಟೆನ್ ಹೋವ್, ಕೆಂಪು ಶಾಯಿ:
"ವಿಷಯಕ್ಕೆ ಬಾ."

ಗುರುವಾರ ಹದ್ದಾದ್ ಓದಿದರು. ಕನ್ನಡಕ ತೆಗೆದರು.
ಇಸವಿಗಳು ಸರಿಯಿವೆ ಅಂದರು.
ಲತೀಫಾ ಚೆನ್ನ, ಚಿತ್ರ ಸಿಕ್ಕೀತೇ ಅಂದರು.
ಆಡು ಇರಲಿ ಅಂದರು.
ನಾಯಿಯ ಮೇಲೆ ಗೆರೆ ಎಳೆದರು, ನೇರವಾಗಿ, ಸ್ಕೇಲಿಟ್ಟು.

ಹಂಚು ನನ್ನ ಬಾಗಿಲಿಗೆ ಒತ್ತಾಗಿದೆ ಈಗ,
ಏಸಿ ಗಾಳಿಗೆ ಕದ ಬಡಿಯದಂತೆ.
ಸಂಜೆ ನೆಲ ಒರೆಸುವಾಗ ದಿಲಮಾಯಾ
ಅದನ್ನು ಎತ್ತಿ, ಅಡಿ ಒರೆಸಿ,
ಮತ್ತೆ ಅಲ್ಲೇ ಇಡುತ್ತಾಳೆ.
ಹೆಜ್ಜೆಯೊಳಗಿನ ಧೂಳನ್ನು ಕಿರುಬೆರಳಿಂದ ತೆಗೆಯುತ್ತಾಳೆ.
ನಾನು ಹೇಳಿಕೊಟ್ಟದ್ದಲ್ಲ.