ಮೂರನೆಯ ಟೇಕು

ಬರೆದ ಸ್ವರ ಹೇಳಿದ ಮಾತು ಕೇಳುತ್ತದೆ:
ನಿಲ್ಲೆಂದರೆ ನಿಂತು, ಓಡೆಂದರೆ ಓಡಿ,
ಅರ್ಧ ಮನೆ ಏರೆಂದರೆ ಏರಿ.
ಹಾಡಿದ ಸ್ವರಕ್ಕೆ ಅದರದೇ ಹಟ,
ಎದೆಗೂಡಿನ ಅಳತೆ,
ಬೆಳಿಗ್ಗೆ ತಿಂದ ಹೊಗೆಮೀನಿನ ಜಿಡ್ಡು,
ಕಾಲಡಿಯ ಹಲಗೆಯ ಕಿರ್ರು.

ರೀಗಾದ ಹಳೆಯ ರೇಡಿಯೋ ಕಟ್ಟಡ,
ದೌಗವಾ ನದಿಯ ಮಂಜುಗಡ್ಡೆ ಬಿರಿಯುತ್ತಿದ್ದ ವಾರ.
ಡ್ಜಿಂಟ್ರಾ ಹಾಡಿದಳು. ಎಪ್ಪತ್ತೊಂದರ ಪ್ರಾಯ.
ಕೋಟು ಬಿಚ್ಚಲಿಲ್ಲ.
ಒಂದು ಟ್ರಾಮ್ ದಾಟಿ ಇನ್ನೊಂದು ಬರುವುದರೊಳಗೆ
ಒಂದು ಸುತ್ತು. ಅಷ್ಟೇ ನಮಗಿದ್ದ ಮೌನ.

ಆಟದಲ್ಲೊಂದು ಹಿಮದ ಕೋಟೆ, ಕೋಟೆಗೊಂದು ಬಾಗಿಲು.
ಆಟಗಾರ ಅಲ್ಲಿ ಎಷ್ಟು ಹೊತ್ತು ನಿಲ್ಲುತ್ತಾನೋ ಯಾರು ಬಲ್ಲರು?
ಒಬ್ಬ ಬಂದವನೇ ಒದ್ದು ಒಳನುಗ್ಗುತ್ತಾನೆ,
ಇನ್ನೊಬ್ಬ ಎದ್ದು ಹೋಗಿ
ಆಲೂಗಡ್ಡೆ ಸುಲಿದು, ಬೇಯಿಸಿ, ತಿಂದು ಬರುತ್ತಾನೆ.
ಅಲ್ಲಿಯ ತನಕ ಅವಳು ಹಾಡುತ್ತಲೇ ಇರಬೇಕು,
ಕೊನೆಯನ್ನು ಮೊದಲಿಗೆ ಹೊಲಿದು,
ಹೊಲಿಗೆ ಕಾಣದಂತೆ.

ಕಾಣುತ್ತಿತ್ತು.
ಕೊನೆಯ ಸ್ವರ ಗೋಡೆ ತಟ್ಟಿ ಮರಳುವ ಮೊದಲೇ
ನನ್ನ ಕತ್ತರಿ ಅದರ ಬಾಲ ಕಚ್ಚುತ್ತಿತ್ತು.
ಟಕ್ಕೆಂದು, ಅನ್ನದಲ್ಲಿ ಕಲ್ಲು ಸಿಕ್ಕಂತೆ.
ಉಲ್ದಿಸ್ ಹೇಳಿದ: ಎರಡು ಸುತ್ತು ಬಿಡದೆ ಹಾಡಿಸು,
ಎರಡನೆಯದನ್ನು ಇಟ್ಟುಕೋ;
ಅದರ ತಲೆಯ ಮೇಲೆ ಮೊದಲನೆಯದರ ನೆರಳಿರುತ್ತದೆ.
ನಿಜ. ಹೊಲಿಗೆ ಮಾಯ.

ಪರೀಕ್ಷೆಯ ಹುಡುಗಿ ಮಾರೀತೆ
ಬಾಗಿಲ ಬಳಿ ನಲವತ್ತು ನಿಮಿಷ ನಿಂತು ಬರೆದಳು:
ದೋಷ ಸಂಖ್ಯೆ ಇನ್ನೂರ ಆರು.
ಈ ಹೆಂಗಸು ಉಸಿರೆಳೆಯುವುದಿಲ್ಲ. ನನಗೆ ಉಸಿರು ಕಟ್ಟುತ್ತಿದೆ.

ಸದ್ದೆಂದು ಗುಡಿಸಿ ಹಾಕಿದ್ದೆ ನಾನೇ.
ಕಸದಿಂದ ಒಂದೊಂದೇ ಉಸಿರನ್ನು ಆರಿಸಿ
ಮತ್ತೆ ಅದರದರ ಜಾಗಕ್ಕೆ ಪೋಣಿಸಿದೆ.

ಆಮೇಲೆ ಶ್ರುತಿ. ಜೊತೆಯಿಲ್ಲದೆ ಹಾಡಿದವಳು
ಎರಡನೆಯ ಸುತ್ತಿಗೆ ಕೂದಲೆಳೆಯಷ್ಟು ಏರಿದ್ದಳು,
ಕೋಟೆಯೊಳಗೆ ಕಾದಿದ್ದ ಪಿಟೀಲುಗಳು ಏರಿರಲಿಲ್ಲ.
ಅವಳನ್ನು ಇಳಿಸಹೋದರೆ ಕಂಠ ತಗಡಾಯಿತು.
ಹದಿನಾಲ್ಕು ಮಂದಿಯನ್ನು ಮತ್ತೆ ಕರೆಸಿ, ಮತ್ತೆ ಕೂಲಿ ಕೊಟ್ಟು,
ತಂತಿ ಬಿಗಿಸಿದೆವು, ಒಬ್ಬಳ ತಪ್ಪಿನ ಎತ್ತರಕ್ಕೆ.

ಬಾಗಿಲು ತೆರೆಯುವ ಗಳಿಗೆಗೆ ಮಾತ್ರ
ನಮ್ಮ ಬಳಿ ಏನೂ ಇರಲಿಲ್ಲ.
ಸಾಲಿನ ನಡುವೆ ಅವನು ಬಾಗಿಲು ತಳ್ಳಿದರೆ
ಸಾಲು ಮುಗಿಯಲು ಹನ್ನೊಂದು ಸೆಕೆಂಡು;
ಅಷ್ಟರಲ್ಲಿ ತೋಳ ಅವನನ್ನು ಮುಗಿಸಿ,
ಸಂಗೀತ ಬರುವುದು ಹೆಣಕ್ಕೆ.
ಬೇಕಿದ್ದದ್ದು ಒಂದೇ ಒಂದು ಉದ್ದನೆಯ ‘ಏ’,
ಎಲ್ಲಿ ಕಡಿದರೂ ಅಲ್ಲಿಂದ ಸೇತುವೆಯಾಗುವಂಥದು.
ಡ್ಜಿಂಟ್ರಾ ಲಿಯೆಪಾಯಾದಲ್ಲಿ, ತಂಗಿಯ ತೋಟದಲ್ಲಿ.
ಫೋನು ಎತ್ತಲಿಲ್ಲ. ಬಿಡುಗಡೆಗೆ ಒಂಬತ್ತು ದಿನ.

ಇಡೀ ಟೇಪನ್ನು ಸೋಸಿದೆ.
ಮೂರನೆಯ ಟೇಕಿನಲ್ಲಿ, ಹಾಡು ನಿಲ್ಲಿಸಿ,
ಗಾಜಿನಾಚೆ ಕೂತಿದ್ದ ನಮ್ಮ ಕಡೆ ತಿರುಗಿ
ಅವಳು ಚಹ ಕೇಳಿದ್ದಳು. ಅವರ ಭಾಷೆಯಲ್ಲಿ ‘ತೇಯ’,
ದಣಿದವರು ಎಳೆಯುವಂತೆ ಎಳೆದು: ತೇಏಏಏ—
ಮುಂದಿನದನ್ನು ಅಳಿಸಿದೆ. ಹಿಂದಿನದನ್ನೂ.

ಒಸಾಕಾದಿಂದ ಒಬ್ಬಾತ ಬರೆದಿದ್ದ:
ಬಾಗಿಲು ತೆರೆದಾಗ ಸತ್ತ ಅಕ್ಕ ಕರೆದ ಹಾಗಾಯಿತು.
ಅವನಿಗೆ ಏನೆಂದು ಉತ್ತರಿಸಲಿ? ಉತ್ತರಿಸಲಿಲ್ಲ.

ಅಕ್ಟೋಬರಿನಲ್ಲಿ ಬಂದಳು, ಒಂದು ಚೀಲ ಸೇಬು ಹೊತ್ತು.
ಕೂರಿಸಿ ಕೈಗೆ ಗುಂಡಿಗಳನ್ನು ಕೊಟ್ಟೆ.
ಬಾಗಿಲ ಬಳಿ ನಿಂತೇ ಇದ್ದಳು, ಒಂದು ಸುತ್ತು, ಎರಡು,
ಅವಳ ಭುಜ ಏರುವುದೂ
ಪೆಟ್ಟಿಗೆಯೊಳಗಿನವಳು ಉಸಿರೆಳೆಯುವುದೂ ಒಟ್ಟಿಗೇ.
ಆಮೇಲೆ ಹೆಬ್ಬೆರಳು ಒತ್ತಿತು.
ಬಾಗಿಲು ತೆರೆಯಿತು. ಏಏಏ—

ನನ್ನ ಕಡೆ ತಿರುಗಿದಳು, ಅಂದು ಗಾಜಿನಾಚೆಯಿಂದ ತಿರುಗಿದ ಹಾಗೇ.
“ಆ ದಿನ,” ಅಂದಳು,
“ಚಹ ಬರಲೇ ಇಲ್ಲ.”