ಹೊಟ್ಟೆಗೆ ಹಾಕಿಕೊಳ್ಳುವುದು

ಯಶವಂತಪುರದ ಕಡೆಗಿರುವ ಕಿಟಕಿ ಸರಿಯಾಗಿ ಮುಚ್ಚುವುದಿಲ್ಲ.
ನಸುಕಿನ ನಾಲ್ಕಕ್ಕೆ ಗೂಡ್ಸು ಹಾದಾಗ
ಬೀಕರಿನ ಕ್ಷಾರ ಸಣ್ಣಗೆ ನಡುಗಿ
ಪರದೆಯ ಮೇಲಿನ ಗೆರೆ ಕೂದಲೆಳೆಯಷ್ಟು ಅಲುಗಿ
ಮತ್ತೆ ತನ್ನ ದಾರಿ ಹಿಡಿಯುತ್ತದೆ.
ಅದನ್ನು ನಾನು ಬರೆದಿಡುವುದಿಲ್ಲ.

ಬರೆದಿಡುವುದು ಇಷ್ಟು:
ಮಿಶ್ರಲೋಹದ ಪುಡಿ ಕಾಲು ಗ್ರಾಂ, ನಿಕ್ಕಲ್ ಮುಕ್ಕಾಲು,
ಒತ್ತಿ ಮಾಡಿದ ಬಿಲ್ಲೆ, ನನ್ನ ಹಣೆಯ ಬೊಟ್ಟಿಗಿಂತ ತುಸು ದೊಡ್ಡದು.
ಆರು ಮೋಲಾರ್ ಪೊಟ್ಯಾಷ್,
ಕಲಸಿದವರು ಚೌರಪ್ಪ.
ಮೂವತ್ತು ವರ್ಷದ ಕ್ಷಾರ ಮಣಿಕಟ್ಟಿನ ಕೂದಲು ತಿಂದು
ಅಲ್ಲಿ ಚರ್ಮ ಈಗ ಮಗುವಿನ ಕೆನ್ನೆ.

ಮೊದಲ ಮೂರು ಸುತ್ತು ಬಿಲ್ಲೆ ಏನನ್ನೂ ಒಲ್ಲೆನೆಂದಿತು.
ಕೊಟ್ಟ ತುತ್ತನ್ನೆಲ್ಲ ಗುಳ್ಳೆ ಮಾಡಿ ಉಗುಳಿತು.
ಐದನೆಯದರಲ್ಲಿ ಒಳಗೆಲ್ಲೋ ಚಿಟ್ಟೆಂದು ಬಿರಿದಿರಬೇಕು
(ಕೇಳಿಸುವುದಿಲ್ಲ; ಗೆರೆ ಏರಿದ್ದರಿಂದ ಊಹೆ).
ಬಿರುಕಿಗೊಂದು ಹೊಸ ಮೈ, ಹೊಸ ಮೈಗೆ ಹೊಸ ಹಸಿವು,
ಹನ್ನೊಂದರ ಹೊತ್ತಿಗೆ ಬಡಿಸಿದಷ್ಟೂ ಬೇಕು.

‘ಅದೇನಮ್ಮಾ ಒಳಗೆ ಹೋಗೋದು?’
ಹೈಡ್ರೋಜನ್.
‘ಕಾಣುತ್ತಾ?’
ಇಲ್ಲ. ಲೋಹ ಹೊಟ್ಟೆಗೆ ಹಾಕ್ಕೊಳುತ್ತೆ.
ಚೌರಪ್ಪ ಬೀಕರನ್ನೇ ನೋಡುತ್ತ ನಿಂತರು, ತುಂಬಾ ಹೊತ್ತು.
‘ಎಲ್ಲಾನೂ ಹೊಟ್ಟೆಗೆ ಹಾಕ್ಕೊಂಡ್ರೆ ಪುಡಿ ಆಗೋಗಲ್ವಾ?’
ಆಗುತ್ತೆ.
ಅದನ್ನೇ ಅಳೀತಾ ಇರೋದು.

ಪಕ್ಕದ ಕೋಣೆಯಲ್ಲಿ ಲಿಥಿಯಂ.
ಅಲ್ಲಿ ಏಸಿ, ಅಲ್ಲಿ ದುಡ್ಡು, ಅಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಕೈಗವಸು.
ನಮ್ಮ ಕಡೆ ಫ್ಯಾನು ತಿರುಗುತ್ತದೆ, ಇನ್ನೂರ ಹನ್ನೆರಡನೆಯ ಸುತ್ತಿನಲ್ಲಿ
ಕರೆಂಟು ಹೋಯಿತು, ಯುಪಿಎಸ್ ಹನ್ನೊಂದು ನಿಮಿಷ ಕಿರುಚಿ ಮಲಗಿತು.

ತುಂಬಿದ ಕೊಡ ತುಳುಕುವುದಿಲ್ಲ ಎಂದವರು
ತುಂಬಿದ ಸೆಲ್ಲನ್ನು ನೋಡಿರಲಿಕ್ಕಿಲ್ಲ.
ಯಾರೂ ಮುಟ್ಟದೆ ಕಪಾಟಿನಲ್ಲಿ ಏಳು ದಿನ ಕೂತು
ಐದರಲ್ಲೊಂದು ಪಾಲು ಕಳಕೊಂಡಿದೆ.
ಯಾವ ಬಲ್ಬೂ ಉರಿದಿಲ್ಲ.
ಎಲ್ಲಿ ಹೋಯಿತೆಂದು ಗೈಡು ಕೇಳುತ್ತಾರೆ,
ನನಗೂ ಅದೇ ಪ್ರಶ್ನೆ, ಬರೀ ಸೆಲ್ಲಿನ ಬಗ್ಗೆ ಅಲ್ಲ.

ಶನಿವಾರ ಚೌರಪ್ಪ ಕರವಸ್ತ್ರ ಬಿಚ್ಚಿ
ಮೇಜಿನ ಮೇಲಿಟ್ಟರು: ಕಾರ್ಡ್‌ಲೆಸ್ ಫೋನಿನ ಮೂರು ಸೆಲ್ಲು,
ನೀಲಿ ಕವಚ, ಹರಿದ ಅಂಚು.
ಕೆಜಿಎಫ್‌ನಿಂದ ಅಕ್ಕ ಲೂರ್ದಮ್ಮ ಫೋನು ಮಾಡಿದರೆ
ನಾಲ್ಕೇ ನಿಮಿಷಕ್ಕೆ ಸತ್ತುಹೋಗುತ್ತದಂತೆ,
ಬೇಕಂತಲೇ ಇಟ್ಟುಬಿಡ್ತೀಯ ಅಂತ ಆಕೆಗೆ ಸಿಟ್ಟಂತೆ.

ನನ್ನ ಬಿಲ್ಲೆಯ ತಂತಿ ಕಳಚಿದೆ.
ಅವರ ಸೆಲ್ಲುಗಳಿಗೆ ಕಚ್ಚಿಸಿ
ನಿಧಾನ ತುಂಬಿದೆ, ನಿಧಾನ ಬರಿದು ಮಾಡಿದೆ,
ಮೂರು ಸಲ, ಭಾನುವಾರ ರಾತ್ರಿಯವರೆಗೆ.

ಮಂಗಳವಾರ ಕೇಳಿದೆ.
‘ಒಂಬತ್ತು ನಿಮಿಷ ಬಂತಮ್ಮಾ.
ಸಾಕು. ಅವಳು ಎಂಟರಲ್ಲಿ ಬೈದು ಮುಗಿಸ್ತಾಳೆ.
ಕೊನೇದರಲ್ಲಿ ಊಟ ಆಯ್ತಾ ಅಂತ ಕೇಳಿದಳು.
ನನಗೆ ಗೊತ್ತೇ ಇರಲಿಲ್ಲ,
ಅವಳು ಇಷ್ಟು ವರ್ಷ ಅದನ್ನ ಕೇಳ್ತಿದ್ದಳು ಅಂತ.’

ಬಿಲ್ಲೆಯನ್ನು ಮತ್ತೆ ಕ್ಷಾರಕ್ಕೆ ಇಳಿಬಿಟ್ಟೆ.
ಇನ್ನೂರ ಹದಿಮೂರು.